ಹಾರುವ ಆಂಬ್ಯುಲೆನ್ಸ್ ಬರಲಿ, ಆದರೆ ಅಜ್ಜಿಯನ್ನು ಹದಿಮೂರು ಸಲ ಎತ್ತಿಳಿಸೋದು ಯಾವಾಗ ನಿಲ್ಲುತ್ತೆ?

*ನಂಜನಗೂಡು, ತಿ. ನರಸೀಪುರದಿಂದ ಮೈಸೂರಿಗೆ ರೋಗಿಯನ್ನು ಸಾಗಿಸುವಾಗ ನಾವು ಲೆಕ್ಕ ಹಾಕೋದು ಕಿಲೋಮೀಟರು, ನಿಮಿಷ. ಲೆಕ್ಕ ಹಾಕಬೇಕಾದ್ದು ಬೇರೆಯೇ ಇದೆ.*

2025ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ಇ-ಪ್ಲೇನ್ ಎಂಬ ಕಂಪನಿ, ಬೆಂಗಳೂರಿನ ಏರ್ ಆಂಬ್ಯುಲೆನ್ಸ್ ಸಂಸ್ಥೆ ಐಕ್ಯಾಟ್‌ಗೆ 788 ವಿದ್ಯುತ್ ಚಾಲಿತ ಹಾರುವ ಆಂಬ್ಯುಲೆನ್ಸ್‌ಗಳನ್ನು ಕೊಡಲು ಒಪ್ಪಂದ ಮಾಡಿಕೊಂಡಿತು. ರನ್‌ವೇ ಬೇಡ, ನಿಂತ ಜಾಗದಿಂದಲೇ ನೇರವಾಗಿ ಮೇಲೇಳುತ್ತೆ. ದೇಶದ ಪ್ರತಿ ಜಿಲ್ಲೆಗೂ ಇಂಥದ್ದು ಇರಬೇಕು ಅನ್ನೋದು ಅವರ ಆಸೆ.

ಒಳ್ಳೇದೇ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಇರೋದೇ ನಂಜನಗೂಡು ರಸ್ತೆಯಲ್ಲಿ. ಹಾಗಾಗಿ ನಂಜನಗೂಡಿನವರಿಗೆ ಆಕಾಶ ನೋಡಿ ಕನಸು ಕಾಣೋದು ಕಷ್ಟವೇನಲ್ಲ. ಆದರೆ ಅದಕ್ಕೂ ಮೊದಲು ನೆಲದ ಮೇಲೆ ಏನಾಗುತ್ತೆ ಅಂತ ಒಮ್ಮೆ ನಿಧಾನವಾಗಿ ನೋಡೋಣ.

ಒಂದು ಅಜ್ಜಿ, ಹದಿಮೂರು ಎತ್ತಾಟ

ನಂಜನಗೂಡು ತಾಲೂಕಿನ ಯಾವುದೋ ಹಳ್ಳಿಯಲ್ಲಿ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು ಅಂದುಕೊಳ್ಳಿ. ತೊಡೆಯ ಮೇಲ್ಭಾಗದ ಮೂಳೆ ಮುರಿದಿದೆ. ಮೊಮ್ಮಗ 108ಕ್ಕೆ ಫೋನ್ ಮಾಡ್ತಾನೆ, ಗಾಡಿ ಬರುತ್ತೆ. ಎಲ್ಲವೂ ಸರಿಯಾಗೇ ನಡೀತು, ಯಾರೂ ಉದಾಸೀನ ಮಾಡಲಿಲ್ಲ, ಯಾರೂ ಲಂಚ ಕೇಳಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅಜ್ಜಿಯನ್ನು ಎಷ್ಟು ಸಲ ಎತ್ತಿ ಇಳಿಸ್ತಾರೆ? ಎಣಿಸಿ.

ಬಚ್ಚಲ ನೆಲದಿಂದ 108ರ ಸ್ಟ್ರೆಚರ್‌ಗೆ, ಒಂದು. ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಆ ಸ್ಟ್ರೆಚರ್‌ನಿಂದ ಆಸ್ಪತ್ರೆಯ ಟ್ರಾಲಿಗೆ, ಎರಡು. ಟ್ರಾಲಿಯಿಂದ ಡಾಕ್ಟರ್ ನೋಡೋ ಮಂಚಕ್ಕೆ, ಮೂರು. ಮಂಚದಿಂದ ಮತ್ತೆ ಟ್ರಾಲಿಗೆ, ನಾಲ್ಕು. ಎಕ್ಸ್‌ರೇ ಟೇಬಲ್‌ಗೆ ಐದು, ಅಲ್ಲಿಂದ ವಾಪಸ್ ಆರು. "ಮೈಸೂರಿಗೆ ಕರ್ಕೊಂಡೋಗಿ" ಅಂದ ಮೇಲೆ ಟ್ರಾಲಿಯಿಂದ ಆಂಬ್ಯುಲೆನ್ಸ್‌ಗೆ, ಏಳು. ಮೈಸೂರಿನ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ಟ್ರಾಲಿಗೆ, ಎಂಟು. ಅಲ್ಲಿ ಇನ್ನೊಮ್ಮೆ ಎಕ್ಸ್‌ರೇ ಇಲ್ಲಾ ಸ್ಕ್ಯಾನ್ ಟೇಬಲ್‌ಗೆ ಒಂಬತ್ತು, ವಾಪಸ್ ಹತ್ತು. ವಾರ್ಡಿನ ಹಾಸಿಗೆಗೆ ಹನ್ನೊಂದು. ಆಪರೇಷನ್ ದಿನ ಹಾಸಿಗೆಯಿಂದ ಟ್ರಾಲಿಗೆ ಹನ್ನೆರಡು, ಟ್ರಾಲಿಯಿಂದ ಆಪರೇಷನ್ ಟೇಬಲ್‌ಗೆ ಹದಿಮೂರು.

ನಂಜನಗೂಡಿನಿಂದ ಮೈಸೂರಿಗೆ ಇರೋದು ಸುಮಾರು 25 ಕಿಲೋಮೀಟರು. ತಿ. ನರಸೀಪುರದಿಂದ ಸುಮಾರು 30. ಎರಡೂ ಊರು ಒಂದೇ ಹೆದ್ದಾರಿಯ ಮೇಲಿವೆ. ಕೋಯಿಕ್ಕೋಡ್‌ನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗೋ ರಾಷ್ಟ್ರೀಯ ಹೆದ್ದಾರಿ 766. ರಸ್ತೆಯಲ್ಲಿ ಕಳೆಯೋದು ಅರ್ಧ ಮುಕ್ಕಾಲು ಗಂಟೆ. ಅಜ್ಜಿ ಚೀರೋದು ಮಾತ್ರ ಈ ಹದಿಮೂರು ಸಲ.

ಇದು ಬರೀ ನೋವಿನ ಪ್ರಶ್ನೆಯಲ್ಲ. ಮುರಿದ ಮೂಳೆಯ ತುದಿಗಳು ಪ್ರತಿ ಎತ್ತಾಟದಲ್ಲೂ ಅಲುಗಾಡ್ತವೆ, ಸುತ್ತಲಿನ ರಕ್ತನಾಳಕ್ಕೆ, ಸ್ನಾಯುವಿಗೆ ತಾಗ್ತವೆ. ಸೊಂಟದ ಮೂಳೆ ಒಡೆದವರಲ್ಲಿ ಹೆಪ್ಪುಗಟ್ಟಿ ನಿಂತಿದ್ದ ರಕ್ತ ಮತ್ತೆ ಹರಿಯೋಕೆ ಶುರುವಾಗಬಹುದು. ಬೆನ್ನುಹುರಿಗೆ ಪೆಟ್ಟಾದವರ ಕತ್ತು ತಿರುಚಿದರೆ ಕೈಕಾಲು ಶಾಶ್ವತವಾಗಿ ಹೋಗಬಹುದು. ತೀವ್ರ ನಿಗಾದ ರೋಗಿಯಾದರೆ ಆಕ್ಸಿಜನ್ ನಳಿಕೆ, ಡ್ರಿಪ್ ಸೂಜಿ ಕಿತ್ತುಬರೋದು ಇಂಥ ಹೊತ್ತಲ್ಲೇ. 2023ರ ಮೇ 29ರಂದು ತಿ. ನರಸೀಪುರ ತಾಲೂಕಿನ ಕುರುಬೂರು ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಹತ್ತು ಜನ ಸತ್ತದ್ದು ನೆನಪಿರಬಹುದು. ಇಂಥ ರಸ್ತೆಗಳಲ್ಲಿ ಬದುಕುಳಿದವರ ಪಾಲಿಗೆ 'ಹೇಗೆ ಎತ್ತಿದರು' ಅನ್ನೋದು 'ಎಷ್ಟು ಬೇಗ ಬಂದರು' ಅನ್ನೋದರಷ್ಟೇ ದೊಡ್ಡ ಪ್ರಶ್ನೆ.

ಹಾಗಾದ್ರೆ ತಂತ್ರಜ್ಞಾನ ಏನು ಮಾಡಬಲ್ಲದು?

ರೋಗಿಯನ್ನು ಸಾಗಿಸೋ 'ಭವಿಷ್ಯದ ಯಂತ್ರ' ಅಂದ ಕೂಡಲೇ ರೋಬೋಟ್ ಕಣ್ಣ ಮುಂದೆ ಬರುತ್ತೆ. 2015ರಲ್ಲಿ ಜಪಾನಿನ ರೈಕೆನ್ ಸಂಶೋಧನಾ ಸಂಸ್ಥೆ 'ರೋಬೇರ್' ಎಂಬ ಯಂತ್ರವನ್ನು ತೋರಿಸಿತ್ತು. ಕರಡಿ ಮುಖ, 140 ಕಿಲೋ ತೂಕ, ಎರಡು ಕೈಯಲ್ಲಿ ರೋಗಿಯನ್ನು ಮಗುವಿನಂತೆ ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತಿತ್ತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಮಾತ್ರ ಬರಲಿಲ್ಲ.

ನಿಜವಾಗಿ ಕೆಲಸಕ್ಕೆ ಬಂದ ಸಲಕರಣೆಗಳು ನೋಡೋಕೆ ಅಷ್ಟು ಚಂದ ಇಲ್ಲ. ಮುಖ್ಯವಾದ ನಾಲ್ಕನ್ನು ನೋಡೋಣ.

ಮೊದಲನೇದು ಜಾರುಹಲಗೆ. ನುಣುಪಾದ ಪ್ಲಾಸ್ಟಿಕ್ ಹಲಗೆ, ಇಲ್ಲಾ ಒಂದರ ಮೇಲೊಂದು ಜಾರೋ ಬಟ್ಟೆ. ಟ್ರಾಲಿ ಮತ್ತು ಮಂಚದ ನಡುವೆ ಸೇತುವೆ ಥರ ಇಟ್ಟು ರೋಗಿಯನ್ನು ಅಡ್ಡಲಾಗಿ ಜಾರಿಸ್ತಾರೆ. ಎತ್ತೋದೇ ಇಲ್ಲ. ಇದಕ್ಕೆ ಕರೆಂಟ್ ಬೇಡ, ಸರ್ವೀಸ್ ಬೇಡ, ಎಂಜಿನಿಯರ್ ಬೇಡ.

ಎರಡನೇದು ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳೋ ಸ್ಕೂಪ್ ಸ್ಟ್ರೆಚರ್. ಬಿದ್ದವರನ್ನು ಎತ್ತಿ ಅದರ ಮೇಲೆ ಹಾಕೋದಲ್ಲ, ಎರಡೂ ಕಡೆಯಿಂದ ಹೋಳುಗಳನ್ನು ಮೈ ಕೆಳಗೆ ಮೆಲ್ಲಗೆ ತೂರಿಸಿ ಕೊಂಡಿ ಹಾಕೋದು. ಬಚ್ಚಲಲ್ಲಿ ಬಿದ್ದ ಅಜ್ಜಿಗೆ, ರಸ್ತೆಯಲ್ಲಿ ಬಿದ್ದ ಬೈಕ್ ಸವಾರನಿಗೆ ಬೇಕಾದ್ದು ಇದು.

ಮೂರನೇದು ಗಾಳಿ ಹಾಸಿಗೆ. ತಳದಲ್ಲಿ ಸಣ್ಣ ಸಣ್ಣ ತೂತು. ಬ್ಲೋವರ್ ಗಾಳಿ ಊದಿದಾಗ ಹಾಸಿಗೆಯ ಕೆಳಗೆ ಗಾಳಿಯ ತೆಳು ಪದರ ಏಳುತ್ತೆ. ಕೇರಂ ಬೋರ್ಡಿಗೆ ಪೌಡರ್ ಹಾಕಿದಾಗ ಕಾಯಿ ಹೇಗೆ ಸಲೀಸಾಗಿ ಜಾರುತ್ತೋ ಹಾಗೆ. ನಾಲ್ಕೈದು ಜನ ತಿಣುಕಿ ಎತ್ತಬೇಕಿದ್ದ ದೇಹವನ್ನು ಇಬ್ಬರು ಸರಿಸಬಹುದು.

ನಾಲ್ಕನೇದು, ನನ್ನ ಪ್ರಕಾರ ಅತಿ ಮುಖ್ಯವಾದದ್ದು, ಒಂದೇ ಹಲಗೆಯ ವ್ಯವಸ್ಥೆ. ಎಕ್ಸ್‌ರೇ ಕಿರಣ ದಾಟಿಹೋಗುವ ಒಂದು ಮೇಲ್ಹಲಗೆ. ಅದು ಆಂಬ್ಯುಲೆನ್ಸಿನ ಗಾಲಿಚೌಕಟ್ಟಿಗೂ ಕೂರುತ್ತೆ, ತಾಲೂಕು ಆಸ್ಪತ್ರೆಯ ಟ್ರಾಲಿಗೂ ಕೂರುತ್ತೆ, ಮೈಸೂರಿನ ಟ್ರಾಲಿಗೂ ಕೂರುತ್ತೆ. ರೋಗಿ ಒಮ್ಮೆ ಅದರ ಮೇಲೆ ಮಲಗಿದರೆ ಪರೀಕ್ಷೆ, ಎಕ್ಸ್‌ರೇ, ಪ್ರಯಾಣ ಎಲ್ಲವೂ ಅದರ ಮೇಲೆಯೇ. ಚಕ್ರ ಬದಲಾಗುತ್ತೆ, ರೋಗಿಯ ಬೆನ್ನಿನ ಕೆಳಗಿನ ಹಲಗೆ ಬದಲಾಗಲ್ಲ.

ಆಗ ಅಜ್ಜಿಯ ಲೆಕ್ಕ ಏನಾಗುತ್ತೆ? ನೆಲದಿಂದ ಹಲಗೆಗೆ ಒಂದು. ಹಲಗೆಯಿಂದ ವಾರ್ಡಿನ ಹಾಸಿಗೆಗೆ ಎರಡು. ಹಾಸಿಗೆಯಿಂದ ಹಲಗೆಗೆ ಮೂರು, ಅಲ್ಲಿಂದ ಆಪರೇಷನ್ ಟೇಬಲ್‌ಗೆ ನಾಲ್ಕು. ಹದಿಮೂರು ನಾಲ್ಕಾಯ್ತು. ಆ ನಾಲ್ಕರಲ್ಲೂ ಕೊನೆಯ ಮೂರಕ್ಕೆ ಜಾರುಹಲಗೆ ಸಾಕು. ಆದರೆ ಆಂಬ್ಯುಲೆನ್ಸ್ ತನ್ನ ಹಲಗೆ ಬಿಟ್ಟು ಹೋದರೆ ಮುಂದಿನ ಕರೆಗೆ ಏನು ಮಾಡುತ್ತೆ? ಗ್ಯಾಸ್ ಏಜೆನ್ಸಿಯವರು ತುಂಬಿದ ಸಿಲಿಂಡರ್ ಇಳಿಸಿ ಖಾಲಿ ಸಿಲಿಂಡರ್ ಒಯ್ತಾರಲ್ಲ, ಹಾಗೇ. ರೋಗಿ ಇರೋ ಹಲಗೆ ಆಸ್ಪತ್ರೆಗೆ, ತೊಳೆದಿಟ್ಟ ಖಾಲಿ ಹಲಗೆ ಆಂಬ್ಯುಲೆನ್ಸಿಗೆ.

ರೋಗಿ ಒಬ್ಬರೇ, ಯಜಮಾನರು ಮೂವರು

ಇಷ್ಟು ಸರಳವಾಗಿದ್ರೆ ಯಾಕೆ ಆಗ್ತಿಲ್ಲ ಅಂತ ಕೇಳ್ತೀರಾ? ಇಲ್ಲಿಂದ ವಿಷಯ ಎಂಜಿನಿಯರಿಂಗ್ ಬಿಟ್ಟು ರಾಜಕೀಯಕ್ಕೆ ಬರುತ್ತೆ.

ನಂಜನಗೂಡು, ತಿ. ನರಸೀಪುರದ ತಾಲೂಕು ಆಸ್ಪತ್ರೆಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕೈಕೆಳಗಿವೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದವು, ಅಂದ್ರೆ ವೈದ್ಯಕೀಯ ಶಿಕ್ಷಣ ಇಲಾಖೆ. ಇವೆರಡರ ನಡುವೆ ಓಡಾಡೋ 108 ಆಂಬ್ಯುಲೆನ್ಸ್, 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಅಂತ ಶುರುವಾದಾಗಿನಿಂದ ಗುತ್ತಿಗೆ ಪಡೆದ ಸಂಸ್ಥೆ ನಡೆಸಿಕೊಂಡು ಬಂದ ಸೇವೆ. ಮೂರು ಯಜಮಾನರು, ಮೂರು ಟೆಂಡರು. ಸ್ಟ್ರೆಚರ್ ಯಾವ ಎತ್ತರ, ಯಾವ ಅಗಲ, ಯಾವ ಕೊಂಡಿ ಅಂತ ಮೂವರನ್ನೂ ಒಟ್ಟಿಗೆ ಕೂರಿಸಿ ಕೇಳೋದು ಯಾರ ಕೆಲಸ?

ಅಜ್ಜಿಯನ್ನು ಎತ್ತೋ ಪ್ರತಿ ಗಡಿಯೂ ಇಲಾಖೆಗಳ ಗಡಿಯೇ. ಎರಡನೇ ಎತ್ತಾಟ 108 ಮತ್ತು ಆರೋಗ್ಯ ಇಲಾಖೆಯ ನಡುವಿನದು. ಎಂಟನೇದು 108 ಮತ್ತು ವೈದ್ಯಕೀಯ ಕಾಲೇಜಿನ ನಡುವಿನದು. ಒಂಬತ್ತು, ಹತ್ತನೇದು ಯಾಕೆ? ತಾಲೂಕಿನಲ್ಲಿ ತೆಗೆದ ಎಕ್ಸ್‌ರೇ ಮೈಸೂರಿನವರ ಕಂಪ್ಯೂಟರಿಗೆ ಬರಲ್ಲ, ಅದಕ್ಕೇ ಮತ್ತೆ ತೆಗೀಬೇಕು. ಮೊಬೈಲಲ್ಲಿ ಮದುವೆ ವಿಡಿಯೋ ಕಳಿಸೋ ಕಾಲದಲ್ಲಿ ಒಂದು ಚಿತ್ರ 25 ಕಿಲೋಮೀಟರ್ ದಾಟೋಕೆ ಆಗದೆ ಅಜ್ಜಿ ಎರಡು ಸಲ ಚೀರಬೇಕು.

ಈಗ ಹಾರುವ ಆಂಬ್ಯುಲೆನ್ಸ್ ಲೆಕ್ಕ ಹಾಕಿ. ರಸ್ತೆಯಲ್ಲಿ ಅರ್ಧ ಗಂಟೆ ಹಿಡಿಯೋ ದಾರಿಯನ್ನು ಅದು ಹತ್ತು ನಿಮಿಷದಲ್ಲಿ ಮುಗಿಸಿತು ಅಂದುಕೊಳ್ಳಿ. ಉಳಿದದ್ದು ಇಪ್ಪತ್ತು ನಿಮಿಷ. ಇಳಿದ ಮೇಲೆ ಟ್ರಾಲಿಗಾಗಿ ಇಪ್ಪತ್ತು ನಿಮಿಷ ಕಾದರೆ ಆ ಉಳಿತಾಯ ಅಲ್ಲೇ ಕರಗಿಹೋಯ್ತು. ಮೇಲಾಗಿ ಹೆಲಿಪ್ಯಾಡಿನಿಂದ ವಾರ್ಡಿಗೆ ಹೋಗೋಕೆ ಇನ್ನೆರಡು ಎತ್ತಾಟ ಸೇರಿಕೊಳ್ತು!

ಹಾರುವ ವಾಹನ ಬೇಡವೇ ಬೇಡ ಅಂತಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಗರ್ಭಿಣಿಯರನ್ನು, ರೋಗಿಗಳನ್ನು ಬಟ್ಟೆ ಕಟ್ಟಿದ ಡೋಲಿಯಲ್ಲಿ ಹೊತ್ತು ತರೋ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ನಂಜನಗೂಡಿನಲ್ಲೂ 2018 ಮತ್ತು 2019ರ ಮಳೆಗಾಲದಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಬಳಿ ಮೈಸೂರು ಹೆದ್ದಾರಿಯೇ ನೀರಲ್ಲಿ ಮುಳುಗಿತ್ತು. ಅಂಥ ದಿನ ಆಕಾಶದ ದಾರಿ ಬೇಕೇ ಬೇಕು. ಆದರೆ ವಿಶೇಷ ದಿನಗಳ ಪರಿಹಾರವನ್ನು ದಿನನಿತ್ಯದ ಉತ್ತರ ಅಂತ ಮಾರಬಾರದು. ರಿಷಿಕೇಶದ ಏಮ್ಸ್ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಹೆಲಿ ಆಂಬ್ಯುಲೆನ್ಸ್ 2025ರ ಮೇ ತಿಂಗಳಲ್ಲಿ ಕೇದಾರನಾಥದಲ್ಲಿ ಇಳಿಯುವಾಗ ಅಪಘಾತಕ್ಕೀಡಾಯ್ತು. ಅದೃಷ್ಟಕ್ಕೆ ಒಳಗಿದ್ದ ಮೂವರೂ ಉಳಿದರು. ದುಬಾರಿ ಯಂತ್ರ ಒಂದೇ ಇದ್ದರೆ, ಅದು ಕೆಟ್ಟ ದಿನ ಸೇವೆಯೂ ನಿಲ್ಲುತ್ತೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ 108 ಕಾಲ್ ಸೆಂಟರಿನ ತಾಂತ್ರಿಕ ದೋಷದಿಂದ ರಾಜ್ಯದ ಉದ್ದಗಲಕ್ಕೂ ಜನ ಪರದಾಡಿದ್ದನ್ನು ನಾವೇ ನೋಡಿದ್ದೇವೆ.

ರೋಗಿಯನ್ನಲ್ಲ, ಚಿಕಿತ್ಸೆಯನ್ನೇ ಸಾಗಿಸಿದರೆ?

ಎತ್ತಾಟ ಕಡಿಮೆ ಮಾಡೋ ಇನ್ನೊಂದು ದಾರಿಯನ್ನು ಕರ್ನಾಟಕವೇ ತೋರಿಸಿದೆ. 2023ರ ನವೆಂಬರ್‌ನಲ್ಲಿ ಆರಂಭವಾದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ನೋಡಿ. ಎದೆನೋವು ಅಂತ ತಾಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸ್ತಾರೆ. ಹೃದಯಾಘಾತ ಅಂತ ಗೊತ್ತಾದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಆಮೇಲೆ ದೊಡ್ಡ ಆಸ್ಪತ್ರೆಗೆ ಪ್ರಯಾಣ.

ಇಲ್ಲಿ ಮೊದಲು ಹೋಗೋದು ರೋಗಿಯಲ್ಲ, ಅವರ ಇಸಿಜಿ. ಆಂಬ್ಯುಲೆನ್ಸ್ ವೇಗ ಒಂದಿಷ್ಟೂ ಹೆಚ್ಚಾಗದೆ ಚಿಕಿತ್ಸೆಯ ಸಮಯ ಹಿಂದಕ್ಕೆ ಬಂತು. ಹೃದಯಕ್ಕೆ ಆಗೋದು ಮುರಿದ ಮೂಳೆಗೆ, ತಲೆಪೆಟ್ಟಿಗೆ, ಹೆರಿಗೆಯ ರಕ್ತಸ್ರಾವಕ್ಕೆ ಯಾಕೆ ಆಗಬಾರದು? ಎಕ್ಸ್‌ರೇ ಮೊದಲೇ ಮೈಸೂರಿಗೆ ಹೋಗಲಿ. ಹಾಸಿಗೆ ಇದೆಯಾ ಇಲ್ವಾ ಅಂತ ಗಾಡಿ ಹತ್ತೋ ಮೊದಲೇ ಗೊತ್ತಾಗಲಿ. ಬಾಗಿಲಲ್ಲಿ ಟ್ರಾಲಿ ಹಿಡಿದು ಒಬ್ಬರು ನಿಂತಿರಲಿ.

ಇದು ಹೊಸ ಬೇಡಿಕೆ ಅಂತ ಯಾರಾದ್ರೂ ಅಂದ್ರೆ ಅವರಿಗೆ 1996ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ. ಪಶ್ಚಿಮ್ ಬಂಗ ಖೇತ್ ಮಜ್ದೂರ್ ಸಮಿತಿ ಮತ್ತು ಪಶ್ಚಿಮ ಬಂಗಾಳ ಸರ್ಕಾರದ ನಡುವಿನ ಪ್ರಕರಣ. 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕೂಲಿ ಕಾರ್ಮಿಕರೊಬ್ಬರನ್ನು ಕಲ್ಕತ್ತಾದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಅಲೆದಾಡಿಸಿದರು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಸೌಲಭ್ಯ ಇಲ್ಲ. ಕೊನೆಗೆ ಅವರು ಖಾಸಗಿ ಆಸ್ಪತ್ರೆಗೆ ಸೇರಬೇಕಾಯ್ತು. ತುರ್ತು ಚಿಕಿತ್ಸೆ ಸಿಗದಿರುವುದು ಸಂವಿಧಾನದ 21ನೇ ವಿಧಿಯ, ಅಂದ್ರೆ ಬದುಕುವ ಹಕ್ಕಿನ ಉಲ್ಲಂಘನೆ ಎಂದು ಕೋರ್ಟ್ ಹೇಳಿತು, 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು.

ಅಷ್ಟೇ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರೋಗಿಯ ಸ್ಥಿತಿಯನ್ನು ಹದಕ್ಕೆ ತರುವ ಸೌಲಭ್ಯ ಇರಬೇಕು, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿದು ನೇರ ಅಲ್ಲಿಗೇ ಕಳಿಸಲು ರಾಜ್ಯ ಮಟ್ಟದ ಸಂಪರ್ಕ ವ್ಯವಸ್ಥೆ ಇರಬೇಕು, ಸಲಕರಣೆ ಮತ್ತು ಸಿಬ್ಬಂದಿ ಇರುವ ಆಂಬ್ಯುಲೆನ್ಸ್ ಇರಬೇಕು ಎಂದೂ ಹೇಳಿತು. ಬೇರೆ ರಾಜ್ಯಗಳೂ ಇದನ್ನು ಪಾಲಿಸಬೇಕು, ಹಣವಿಲ್ಲ ಅನ್ನೋದು ನೆಪವಾಗಬಾರದು ಎಂದಿತು. ನಾವು 'ಭವಿಷ್ಯ' ಅಂತ ಕರೀತಿರೋದು ಮೂವತ್ತು ವರ್ಷದ ಹಳೇ ಆದೇಶ.

ಎತ್ತುವ ಕೈಗಳು ಯಾರವು?

ಇನ್ನೊಂದು ಮಾತು ಹೇಳದೆ ಈ ವಿಷಯ ಮುಗಿಯಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿರೋ ಮುಖ್ಯ 'ಸಾಗಾಟ ಯಂತ್ರ' ಮನುಷ್ಯನ ಸೊಂಟ. ಅದೂ ಬಹುಪಾಲು ಹೊರಗುತ್ತಿಗೆಯ ಗ್ರೂಪ್ ಡಿ ನೌಕರರ ಸೊಂಟ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ, ಅನುಕೂಲಕರ ಸ್ಥಿತಿಯಲ್ಲೂ ಒಬ್ಬರು ರೋಗಿಯನ್ನು ಎತ್ತುವಾಗ ಹೊರಬಹುದಾದ ಸುರಕ್ಷಿತ ಭಾರ 35 ಪೌಂಡ್, ಅಂದ್ರೆ ಸುಮಾರು 16 ಕಿಲೋ. 60 ಕಿಲೋ ತೂಕದ ರೋಗಿಗೆ ನಾಲ್ಕು ಜನ ಬೇಕು. ರಾತ್ರಿ ಪಾಳಿಯಲ್ಲಿ ನಾಲ್ಕು ಜನ ಎಲ್ಲಿರ್ತಾರೆ? ಒಬ್ಬ ಅಟೆಂಡರ್, ಮಿಕ್ಕ ಕಡೆ ರೋಗಿಯ ಮಗ, ಅಳಿಯ, ಊರಿನ ಆಟೋ ಡ್ರೈವರ್. "ಒಂದ್ಕೈ ಹಾಕಣ್ಣ" ಅಂತ ದಾರಿಹೋಕರನ್ನು ಕರೆದು ಎತ್ತೋದು ನಮ್ಮ ಆಸ್ಪತ್ರೆಗಳ ಅಲಿಖಿತ ನಿಯಮ.

2017ರಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರು ಸ್ಟ್ರೆಚರ್ ಸಿಗದೆ ವಯಸ್ಸಾದ ಗಂಡನನ್ನು ನೆಲದ ಮೇಲೆ ಎಳೆದುಕೊಂಡು ಎಕ್ಸ್‌ರೇಗೆ ಹೋದ ವಿಡಿಯೋ ದೇಶವೆಲ್ಲ ಓಡಾಡಿತು. ಆಮೇಲೆ ಆಗಿದ್ದೇನು? ಸಿಬ್ಬಂದಿಯ ಅಮಾನತು. ಒಂದು ವಾರ್ಡಿಗೆ ಎಷ್ಟು ಸ್ಟ್ರೆಚರ್ ಇರಬೇಕು, ಅದನ್ನು ತಳ್ಳೋಕೆ ಎಷ್ಟು ಜನ ಇರಬೇಕು ಅನ್ನೋ ಚರ್ಚೆ ವಿಡಿಯೋದಷ್ಟು ವೈರಲ್ ಆಗಲಿಲ್ಲ. ನಾವೂ ಹಾಗೇ. 2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ನಲವತ್ತು ದಿನದ ಕೂಸನ್ನು ಝೀರೋ ಟ್ರಾಫಿಕ್‌ನಲ್ಲಿ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದ ಚಾಲಕನಿಗೆ ಚಪ್ಪಾಳೆ ತಟ್ಟಿದೆವು. ತಟ್ಟಲೇಬೇಕಿತ್ತು. ಆದರೆ ಅದೇ ಥರ ಗಾಡಿ ಓಡಿಸೋ 108 ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಎಷ್ಟು ಜನ ಅವರ ಜೊತೆ ನಿಂತೆವು?

ಜಾರುಹಲಗೆ ಬಂದರೆ ಉಳಿಯೋದು ಅಜ್ಜಿಯ ಮೂಳೆ ಮಾತ್ರ ಅಲ್ಲ, ಆ ಅಟೆಂಡರ್ ಅಕ್ಕನ ಬೆನ್ನೂ ಉಳಿಯುತ್ತೆ. ಇದು ಆರೋಗ್ಯದ ವಿಷಯವೂ ಹೌದು, ಕಾರ್ಮಿಕರ ವಿಷಯವೂ ಹೌದು.

ನೀವು ಏನು ಕೇಳಬಹುದು?

ಅಧಿಕಾರ ಈ ರಸ್ತೆಗಳಿಂದ ದೂರ ಇಲ್ಲ. ಸಿದ್ದರಾಮಯ್ಯನವರು 2008, 2013 ಮತ್ತು 2023ರಲ್ಲಿ ಗೆದ್ದ ವರುಣಾ ಕ್ಷೇತ್ರದಲ್ಲಿ ನಂಜನಗೂಡು, ತಿ. ನರಸೀಪುರ ಎರಡೂ ತಾಲೂಕುಗಳ ಹಳ್ಳಿಗಳಿವೆ. ತಾಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಸಣ್ಣಪುಟ್ಟ ಸಲಕರಣೆಗೆ ಅಲ್ಲಿಂದಲೇ ಹಣ ಹೊಂದಿಸಬಹುದು. ನಂಜನಗೂಡಿನಂಥ ಕೈಗಾರಿಕಾ ಪ್ರದೇಶ ಇರೋ ಊರಲ್ಲಿ ಕಂಪನಿಗಳ ಸಿಎಸ್‌ಆರ್ ಹಣವೂ ಇದೆ. ಟೇಪ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳೋಕೆ ಆಂಬ್ಯುಲೆನ್ಸಿನಷ್ಟು ಜಾರುಹಲಗೆ ಚಂದ ಕಾಣಲ್ಲ, ಅಷ್ಟೇ ತೊಂದರೆ.

ಹತ್ತು ರೂಪಾಯಿ ಶುಲ್ಕದ ಒಂದು ಆರ್‌ಟಿಐ ಅರ್ಜಿ ಸಾಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಈ ಪ್ರಶ್ನೆಗಳು ಅದರೊಳಗೆ ಆರಾಮಾಗಿ ಹಿಡಿಸ್ತವೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಬಳಕೆಯಲ್ಲಿರುವ ಸ್ಟ್ರೆಚರ್ ಟ್ರಾಲಿ ಎಷ್ಟು, ಕೆಟ್ಟು ನಿಂತಿರೋದು ಎಷ್ಟು? ಜಾರುಹಲಗೆ, ಸ್ಕೂಪ್ ಸ್ಟ್ರೆಚರ್ ಇವೆಯೇ? ರಾತ್ರಿ ಪಾಳಿಯಲ್ಲಿ ಅಟೆಂಡರ್‌ಗಳು ಎಷ್ಟು ಜನ, ರೋಗಿಯನ್ನು ಎತ್ತುವ ತರಬೇತಿ ಅವರಿಗೆ ಸಿಕ್ಕಿದೆಯೇ? ಕಳೆದ ವರ್ಷ ಮೈಸೂರಿಗೆ ಕಳಿಸಿದ ರೋಗಿಗಳು ಎಷ್ಟು, ಅವರಲ್ಲಿ ಎಷ್ಟು ಜನರ ಬಗ್ಗೆ ಮೊದಲೇ ಅಲ್ಲಿಗೆ ತಿಳಿಸಲಾಗಿತ್ತು? ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು ನಂಜನಗೂಡಿನವರು ತಿ. ನರಸೀಪುರದವರ ಜೊತೆ ಹೋಲಿಸಿ ನೋಡಲಿ.

ಮುಂದಿನ ಸಲ ಮನೆಯವರನ್ನೋ ನೆರೆಯವರನ್ನೋ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಗಡಿಯಾರದ ಜೊತೆ ಇನ್ನೊಂದು ಲೆಕ್ಕವನ್ನೂ ಇಡಿ. ಎಷ್ಟು ಸಲ ಎತ್ತಿದರು, ಎಷ್ಟು ಜನ ಎತ್ತಿದರು, ಅವರಲ್ಲಿ ಎಷ್ಟು ಜನ ಆಸ್ಪತ್ರೆಯವರು. ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು ಶಾಸಕರ ಮುಂದಿಡಿ. ಹಾರುವ ಆಂಬ್ಯುಲೆನ್ಸ್ ಬಂದ ದಿನ ನಾವೂ ಹೋಗಿ ನೋಡೋಣ. ಅಲ್ಲೀತನಕ ಹದಿಮೂರನ್ನು ನಾಲ್ಕಕ್ಕೆ ಇಳಿಸೋ ಕೆಲಸ ಬಾಕಿ ಇದೆ.